ಜಪಸರದ ಹೊತ್ತಿನಲ್ಲಿ ಮನೆಯ ಮೊಬೈಲು

ಕಳೆದ ಅಕ್ಟೋಬರ್ ತಿಂಗಳ ಒಂದು ಮಂಗಳವಾರದ ಸಂಜೆ. ಜಪಸರ ಮಾತೆಯ ತಿಂಗಳಾದುದರಿಂದ ನಮ್ಮ ಮನೆಯಲ್ಲಿ ಏಳೂವರೆ ಗಂಟೆಗೆ ಸರಿಯಾಗಿ ಪೀಠದ ಮುಂದೆ ಮೇಣದ ಬತ್ತಿ ಹಚ್ಚಿ ಎಲ್ಲರೂ ಕುಳಿತಿದ್ದೆವು. ಮಂಗಳವಾರವಾದ್ದರಿಂದ ದುಃಖದ ರಹಸ್ಯಗಳು. ಪ್ರಾರ್ಥನೆಯನ್ನು ನಡೆಸುವವರು ಎಂಬತ್ತನಾಲ್ಕು ವರ್ಷದ ನಮ್ಮ ಅಮ್ಮ. ಮೂರು ವರ್ಷಗಳ ಹಿಂದೆ ಪಾರ್ಶ್ವವಾಯು ತಗುಲಿದಂದಿನಿಂದ ಅವರ ಬಲಗೈ ಬೆರಳುಗಳಿಗೆ ಸ್ಪರ್ಶ ತಿಳಿಯುವುದಿಲ್ಲ. ಜಪಸರವನ್ನು ಹಿಡಿದಿರುತ್ತಾರಾದರೂ ಬೆರಳು ಯಾವ ಮಣಿಯ ಮೇಲಿದೆ ಎಂಬುದು ಅವರಿಗೆ ಗೊತ್ತಾಗದು. ಹೀಗಾಗಿ ಲೆಕ್ಕವಿಡುವ ಕೆಲಸ ಉಳಿದ ನಮ್ಮೆಲ್ಲರದು. ಮೂರನೆಯ ರಹಸ್ಯದ ನಡುವೆ ಅಮ್ಮ ನಿಲ್ಲಿಸಿ, “ಎಷ್ಟಾಯಿತು?” ಎಂದು ಕೇಳಿದರು.

ಯಾರೂ ಉತ್ತರಿಸಲಿಲ್ಲ. ಪದವಿಪೂರ್ವ ತರಗತಿಯಲ್ಲಿ ಓದುವ ಮಗನ ಮೊಣಕಾಲಿನ ಮರೆಯಲ್ಲಿ ಒಂದು ಬೆಳಕು ಹೊಳೆಯುತ್ತಿತ್ತು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ದುಡಿಯುವ ಮಗಳ ಸೆರಗಿನ ಕೆಳಗೆ ಇನ್ನೊಂದು. ನನ್ನ ಕೈಯಲ್ಲಿಯೂ ಒಂದಿತ್ತು. ನಾನು ನೋಡುತ್ತಿದ್ದುದು ನಮ್ಮ ಧರ್ಮಕೇಂದ್ರದ ವಾಟ್ಸಾಪ್ ಗುಂಪಿಗೆ ಬಂದಿದ್ದ ಒಂದು ಸಂದೇಶ. ಹಬ್ಬದ ಶಾಮಿಯಾನದ ಬಾಡಿಗೆಯ ವಿಚಾರ. ದೇವಾಲಯದ ಕೆಲಸವಲ್ಲವೇ ಎಂಬ ಸಮಾಧಾನ ಬೇರೆ! ತುಟಿಗಳು ‘ನಮೋ ಮರಿಯಾ’ ಎನ್ನುತ್ತಿದ್ದವು. ಮನಸ್ಸು ಅಡಿಗೆ ಇಷ್ಟು ರೂಪಾಯಿ ಎಂದು ಗುಣಿಸುತ್ತಿತ್ತು. ಅಮ್ಮ ನಮ್ಮ ಮುಖಗಳನ್ನು ಒಂದು ಕ್ಷಣ ನೋಡಿದರು. ಗದರಲಿಲ್ಲ. “ಆಗಲಿ, ಮೊದಲಿಂದ ಹೇಳೋಣ,” ಎಂದು ಮುಳ್ಳಿನ ಕಿರೀಟದ ರಹಸ್ಯವನ್ನು ಮತ್ತೆ ಆರಂಭಿಸಿದರು.

ಆ ರಾತ್ರಿ ಊಟ ಸೇರಲಿಲ್ಲ ಎಂದರೆ ಉತ್ಪ್ರೇಕ್ಷೆಯಾದೀತು. ಊಟ ಚೆನ್ನಾಗಿಯೇ ಸೇರಿತು. ಆದರೆ ಕೈಯಲ್ಲಿ ಸ್ಪರ್ಶವಿಲ್ಲದ ಮುದುಕಿಯೊಬ್ಬಳು ನಾಲ್ಕು ಜನ ಗಟ್ಟಿಮುಟ್ಟಾದವರ ನಡುವೆ ಕುಳಿತು ಲೆಕ್ಕ ತಪ್ಪಿದಳಲ್ಲ ಎಂಬ ಮಾತು ಬಹಳ ದಿನ ಕೊರೆಯಿತು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಯಂತ್ರದ ಮೇಲೆ ಸಭೆಗೆ ಮುನಿಸಿಲ್ಲ

ಮೊಬೈಲು ಸೈತಾನನ ಸಾಧನ, ಅದನ್ನು ಬಾವಿಗೆ ಎಸೆಯಿರಿ ಎಂದು ಬೋಧಿಸುವವರು ನಮ್ಮಲ್ಲಿ ಆಗಾಗ ಕಾಣಿಸಿಕೊಳ್ಳುತ್ತಾರೆ. ಆ ಬೋಧನೆಯೂ ಹೆಚ್ಚಾಗಿ ಮೊಬೈಲಿನಲ್ಲಿಯೇ ಬರುವುದು ಬೇರೆ ಮಾತು. ಧರ್ಮಸಭೆಯ ಪರಂಪರೆ ಹಾಗಿಲ್ಲ. ರೇಡಿಯೋ ಇನ್ನೂ ಹೊಸದಾಗಿದ್ದ ಕಾಲದಲ್ಲಿ, 1931ರ ಫೆಬ್ರವರಿ 12ರಂದು, ಹನ್ನೊಂದನೆಯ ಪಿಯುಸ್ ವಿಶ್ವಗುರುಗಳು ಮಾರ್ಕೋನಿ ನಿರ್ಮಿಸಿಕೊಟ್ಟ ವ್ಯಾಟಿಕನ್ ರೇಡಿಯೋವನ್ನು ಉದ್ಘಾಟಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ ಸಮೂಹ ಮಾಧ್ಯಮಗಳ ಬಗ್ಗೆಯೇ ಪ್ರತ್ಯೇಕ ಆಜ್ಞಾಪತ್ರವೊಂದನ್ನು ಹೊರಡಿಸಿತು. ಅದರ ಮೊದಲ ಲತೀನ್ ಪದಗಳೇ ಅದನ್ನು ಅದ್ಭುತವಾದುವುಗಳ ಸಾಲಿನಲ್ಲಿ ನಿಲ್ಲಿಸುತ್ತವೆ. ಆ ಪತ್ರಕ್ಕೆ ಅಂಗೀಕಾರ ದೊರೆತದ್ದು 1963ರ ಡಿಸೆಂಬರ್ 4ರಂದು. ಪವಿತ್ರ ಆರಾಧನಾ ವಿಧಿಯನ್ನು ಕುರಿತ ಮಹಾಸಂವಿಧಾನ ಹೊರಬಿದ್ದದ್ದೂ ಅದೇ ದಿನ. ಬಲಿಪೀಠವೂ ಪ್ರಸಾರ ಗೋಪುರವೂ ಒಂದೇ ದಿನ ಪಿತೃಗಳ ಮುಂದಿದ್ದವು ಎಂಬುದನ್ನು ನಾವು ಮರೆಯಬಾರದು. 1967ರಿಂದ ಪ್ರತಿ ವರ್ಷ ವಿಶ್ವ ಸಂಪರ್ಕ ಮಾಧ್ಯಮಗಳ ದಿನವನ್ನು ಆಚರಿಸಲಾಗುತ್ತಿದೆ.

ಹಾಗೆಂದು ಮನೆಯೊಳಗೆ ಬಂದ ಪ್ರತಿಯೊಂದು ಯಂತ್ರವೂ ಸುಲಭವಾಗಿ ಹೊಂದಿಕೊಂಡಿತೆಂದಲ್ಲ. 1987-88ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ರಾಮಾಯಣ’ ಬರುತ್ತಿದ್ದಾಗ ಬೀದಿಗಳೇ ಬರಿದಾಗುತ್ತಿದ್ದುದನ್ನು ನಮ್ಮ ವಯಸ್ಸಿನವರು ಬಲ್ಲರು. ಆಗ ನಮ್ಮ ಧರ್ಮಕೇಂದ್ರದ ಗುರುಗಳು ಜಗಳಕ್ಕೆ ಹೋಗದೆ ಬಲಿಪೂಜೆಯ ಸಮಯವನ್ನೇ ಅರ್ಧ ಗಂಟೆ ಮುಂಚೆ ಇಟ್ಟರು. ಮನೆಯಲ್ಲಿ ಅಪ್ಪ ಟಿ.ವಿ.ಗೆ ಒಂದು ಹೂವಿನ ಚಿತ್ತಾರದ ಬಟ್ಟೆ ಹೊಲಿಸಿದ್ದರು. ಜಪಸರ ಮುಗಿಯುವವರೆಗೆ ಅದು ಮುಸುಕು ಹಾಕಿಕೊಂಡಿರಬೇಕು. ಮುಸುಕು ತೆಗೆದರೆ ವಾರ್ತೆ, ಹಾಕಿದರೆ ಪ್ರಾರ್ಥನೆ. ಅಷ್ಟೇ ನಿಯಮ. ಟಿ.ವಿ. ಒಂದು ಕಡೆ ಇತ್ತು, ನಾವು ಬೇರೆ ಕಡೆ ಇದ್ದೆವು, ನಡುವೆ ಒಂದು ಬಟ್ಟೆ ಸಾಕಾಗಿತ್ತು.

ಮೊಬೈಲಿಗೆ ಅಂಥ ಬಟ್ಟೆ ಹೊಲಿಸಲಾಗದು. ಅದು ಜೇಬಿನಲ್ಲಿದೆ, ದಿಂಬಿನ ಕೆಳಗಿದೆ, ಅಡಿಗೆ ಮನೆಯ ಕಟ್ಟೆಯ ಮೇಲಿದೆ, ಪಾಪನಿವೇದನೆಗೆ ಸಾಲಿನಲ್ಲಿ ನಿಂತವರ ಕೈಯಲ್ಲಿಯೂ ಇದೆ. ಅದಕ್ಕೆ ನಿಗದಿಯಾದ ಸ್ಥಳವಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಅದಕ್ಕೆ ಕೊನೆಯೂ ಇಲ್ಲ.

ನೀವು ಈಗ ಓದುತ್ತಿರುವ ಪತ್ರಿಕೆಗೆ ಕೊನೆಯ ಪುಟವಿದೆ. ಸಿನಿಮಾಕ್ಕೆ ‘ಶುಭಂ’ ಇತ್ತು. ದೂರದರ್ಶನ ಕೂಡ ಒಂದು ಕಾಲದಲ್ಲಿ ರಾತ್ರಿ ಬಾಗಿಲು ಹಾಕುತ್ತಿತ್ತು. ಮೊಬೈಲಿನ ಪುಟವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುತ್ತದೆ. ಇದು ತಾನಾಗಿ ಆದದ್ದಲ್ಲ. ಈ ತುದಿಯಿಲ್ಲದ ಪುಟವನ್ನು 2006ರಲ್ಲಿ ರೂಪಿಸಿದವರು ಆಜಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞರು. ಓದುವವರಿಗೆ ಮುಂದಿನ ಪುಟದ ಗುಂಡಿ ಒತ್ತುವ ಶ್ರಮ ತಪ್ಪಲಿ ಎಂಬುದಷ್ಟೇ ಅವರ ಉದ್ದೇಶವಾಗಿತ್ತು. ಮುಂದೆ ಜನ ಗಂಟೆಗಟ್ಟಲೆ ಅದರಲ್ಲಿ ಸಿಲುಕುವುದನ್ನು ಕಂಡು ಅವರೇ ಬಹಿರಂಗವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. ನಮ್ಮ ಗಮನವನ್ನು ಜಾಹೀರಾತುದಾರರಿಗೆ ಮಾರಿ ಬದುಕುವ ಕಂಪನಿಗಳಿಗೆ ಮಾತ್ರ ಆ ಪಶ್ಚಾತ್ತಾಪದಿಂದ ಲಾಭವಿರಲಿಲ್ಲ. ನಾವು ಕೆಳಗಿಟ್ಟಷ್ಟು ಹೊತ್ತು ಅವರಿಗೆ ನಷ್ಟ. ಆದುದರಿಂದ ಕೊನೆಯನ್ನು ಅವರು ಇಡುವುದಿಲ್ಲ. ಇಡುವುದಾದರೆ ನಾವೇ ಇಡಬೇಕು.

ಜಪಸರವನ್ನೇ ನೋಡಿ. ಐದು ರಹಸ್ಯ, ಐವತ್ತಮೂರು ‘ನಮೋ ಮರಿಯಾ’, ಮನವಿಮಾಲೆ, ಮುಗಿಯಿತು. ಮಕ್ಕಳಾಗಿದ್ದಾಗ ನಾವು ಅದರ ಕೊನೆಗಾಗಿ ಕಾಯುತ್ತಿದ್ದೆವು. ನಿದ್ದೆಯಿಂದ ತೂಗುತ್ತ, ಕೊನೆಯ ಶಿಲುಬೆಯ ಗುರುತು ಬಂದೊಡನೆ ಎದ್ದು ಓಡುತ್ತಿದ್ದೆವು. ಅದು ಕೊರತೆಯೆಂದು ಆಗ ತೋರಿತ್ತು. ಈಗ ಯೋಚಿಸಿದರೆ ಆ ಮುಗಿಯುವಿಕೆಯೇ ಅದರ ದೊಡ್ಡ ಗುಣ. ಮುಗಿಯುವ ವಸ್ತು ನಮ್ಮನ್ನು ಒಬ್ಬರ ಬಳಿಗೊಬ್ಬರು ಕಳುಹಿಸಿಕೊಡುತ್ತದೆ. ಪ್ರಾರ್ಥನೆ ಮುಗಿಯಿತು, ಇನ್ನು ಹಿರಿಯರಿಗೆ ಸ್ತೋತ್ರ ಹೇಳಿ ಆಶೀರ್ವಾದ ಪಡೆಯಬೇಕು, ತಟ್ಟೆ ಹಾಕಬೇಕು, ದನಕ್ಕೆ ಹುಲ್ಲು ಹಾಕಬೇಕು.

“ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ”

ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಹಿಂದಿನ ಸಂಜೆ ಕಫೆರ್ನವುಮಿನಲ್ಲಿ ಊರಿಗೆ ಊರೇ ಬಾಗಿಲ ಬಳಿ ನೆರೆದು, ಪ್ರಭು ಅನೇಕ ರೋಗಿಗಳನ್ನು ಗುಣಪಡಿಸಿದ್ದಾರೆ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಸಿಮೋನನೂ ಸಂಗಡಿಗರೂ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆಂದು ಅವಸರಪಡಿಸುತ್ತಾರೆ. ಇದು ಸುಳ್ಳಲ್ಲ. ರೋಗಿಗಳು ಇನ್ನೂ ಇದ್ದರು, ಅಗತ್ಯವೂ ನಿಜವಾದದ್ದೇ. ಆದರೂ ಪ್ರಭು ಆ ಬಾಗಿಲಿಗೆ ಹಿಂದಿರುಗುವುದಿಲ್ಲ. ಅಕ್ಕಪಕ್ಕದ ಊರುಗಳಿಗೆ ಹೋಗೋಣ, ನಾನು ಬಂದದ್ದು ಅದಕ್ಕಾಗಿ ಎನ್ನುತ್ತಾರೆ.

ಈ ಪ್ರಸಂಗವನ್ನು ಎಷ್ಟೋ ಸಲ ಕೇಳಿದ್ದೇನೆ. ನಿಮಿಷಕ್ಕೊಮ್ಮೆ ಮಿಡಿಯುವ ಮೊಬೈಲು ಕೈಗೆ ಬಂದ ಮೇಲೆಯೇ ಅದು ನನಗೆ ಅರ್ಥವಾದದ್ದು. ಅದರ ಪ್ರತಿಯೊಂದು ಮಿಡಿತವೂ ಹೇಳುವುದು ಸಿಮೋನನ ಮಾತನ್ನೇ: ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ. ಹುಡುಕುವವರೆಲ್ಲ ಕೆಟ್ಟವರಲ್ಲ. ಆದರೆ ಕರೆದವರಿಗೆಲ್ಲ ಕರೆದ ಕ್ಷಣವೇ ಓಗೊಡುವವನು ತಾನು ಯಾವುದಕ್ಕಾಗಿ ಬಂದೆನೆಂಬುದನ್ನು ಮರೆತುಬಿಡುತ್ತಾನೆ. ಇದೇ ಪ್ರಭು ದಾರಿ ಬದಿಯ ಕುರುಡನ ಕೂಗಿಗೆ, ಗುಂಪಿನವರು ಸುಮ್ಮನಿರಿಸಲು ನೋಡಿದರೂ, ನಿಂತದ್ದನ್ನು ನಾವು ಬಲ್ಲೆವು. ಯಾವ ಕೂಗಿಗೆ ನಿಲ್ಲಬೇಕು, ಯಾವುದಕ್ಕೆ ಹಿಂದಿರುಗಬಾರದು ಎಂಬ ವಿವೇಕ ಅವರಿಗೆ ಬಂದದ್ದು ಆ ಕತ್ತಲಿನ ಪ್ರಾರ್ಥನೆಯಿಂದಲೇ ಎಂದು ನನ್ನ ನಂಬಿಕೆ.

ಈ ಚಡಪಡಿಕೆ ಮೊಬೈಲಿನಿಂದ ಹುಟ್ಟಿದ್ದೂ ಅಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯುಸ್ ಎಂಬ ತಪಸ್ವಿ ನಡುಹಗಲಿನ ಪಿಶಾಚಿಯೊಂದನ್ನು ವರ್ಣಿಸಿದ್ದಾನೆ. ಅದು ಹೊಕ್ಕ ಸನ್ಯಾಸಿಗೆ ಹೊತ್ತೇ ಸರಿಯದು. ದಿನಕ್ಕೆ ಐವತ್ತು ಗಂಟೆಗಳಿವೆಯೇನೋ ಎನಿಸುತ್ತದೆ. ಗಳಿಗೆಗೊಮ್ಮೆ ಕಿಟಕಿಯತ್ತ ನೋಡುತ್ತಾನೆ, ಕೋಣೆಯಿಂದ ಹೊರಬಂದು ಸೂರ್ಯನನ್ನು ದಿಟ್ಟಿಸುತ್ತಾನೆ, ಯಾರಾದರೂ ಸೋದರರು ಬರುತ್ತಿದ್ದಾರೆಯೇ ಎಂದು ಆಚೀಚೆ ಕಣ್ಣು ಹಾಯಿಸುತ್ತಾನೆ. ಪಟ್ಟಣದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಆ ಸನ್ಯಾಸಿಯನ್ನು ನಾವೆಲ್ಲರೂ ಕಾಣಬಹುದು. ಅವನಿಗೆ ಒಂದೇ ಕಿಟಕಿ ಇತ್ತು, ಅದೂ ಗೋಡೆಯಲ್ಲಿ. ನಾವು ಕಿಟಕಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದೇವೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿ ಇದಕ್ಕೆ ಕೊಟ್ಟ ಮದ್ದು ತೀರ ಸರಳವಾದುದು: ಪ್ರಾರ್ಥನೆಯ ಸಂಜ್ಞೆ ಕೇಳಿದೊಡನೆ ಕೈಯಲ್ಲಿದ್ದುದನ್ನು ಹಾಗೆಯೇ ಬಿಟ್ಟು ಹೊರಡಬೇಕು. ನಮ್ಮ ಹಳ್ಳಿಗಳಲ್ಲಿ ತ್ರಿಕಾಲ ಪ್ರಾರ್ಥನೆಯ ಗಂಟೆ ಬಾರಿಸಿದಾಗ ಗದ್ದೆಯಲ್ಲಿದ್ದವರು ಕುಡುಗೋಲು ಕೆಳಗಿಟ್ಟು ನಿಲ್ಲುತ್ತಿದ್ದುದೂ ಇದೇ ಪರಂಪರೆಯೇ ಅಲ್ಲವೇ?

ಹಿರಿಯರಿಂದಲೇ ಆರಂಭ

ಮೊಬೈಲಿನ ಚಟವೆಂದರೆ ಮಕ್ಕಳ ರೋಗವೆಂದು ಭಾವಿಸುವುದು ನಮ್ಮ ಸಭೆ ಸಮಾರಂಭಗಳಲ್ಲಿ ವಾಡಿಕೆಯಾಗಿದೆ. ಯುವಜನರಿಗೆ ಎಚ್ಚರಿಕೆ ಕೊಡುವ ಭಾಷಣ ನಡೆಯುತ್ತಿರುವಾಗ ಮುಂದಿನ ಸಾಲಿನ ಹಿರಿಯರು ತಲೆ ತಗ್ಗಿಸಿಕೊಂಡಿರುತ್ತಾರೆ, ವಿನಯದಿಂದಲ್ಲ. ದಿವಂಗತ ವಿಶ್ವಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬ ಪ್ರೀತಿಯನ್ನು ಕುರಿತು ಹೊರಡಿಸಿದ ಪ್ರಬೋಧನ ಪತ್ರದಲ್ಲಿ ರಾತ್ರಿಯೂಟದ ಮೇಜಿನ ಸುತ್ತ ಪ್ರತಿಯೊಬ್ಬರೂ ತಂತಮ್ಮ ಫೋನಿನಲ್ಲಿ ಮುಳುಗಿರುವ ಚಿತ್ರವನ್ನು ಕೊಟ್ಟಿದ್ದಾರೆ. ಅದರ ಜೊತೆಯಲ್ಲಿಯೇ, ಗಂಟೆಗಟ್ಟಲೆ ಯಂತ್ರದೊಡನೆ ಆಡುತ್ತ ಕುಳಿತ ಸಂಗಾತಿಗಾಗಿ ಕಾದು ಕಾದು ನಿದ್ದೆಹೋಗುವ ಪತಿ ಅಥವಾ ಪತ್ನಿಯ ಚಿತ್ರವೂ ಇದೆ. ಅದು ಮಕ್ಕಳ ಮಾತಲ್ಲ, ದಂಪತಿಗಳ ಮಾತು. 2017ರ ನವೆಂಬರಿನ ಒಂದು ಬುಧವಾರದ ಸಂದರ್ಶನದಲ್ಲಿ ಅವರು ಬಲಿಪೂಜೆಯ ನಡುವೆ ಫೋನ್ ಎತ್ತಿ ಹಿಡಿಯುವವರನ್ನು ಕಂಡು ತಮಗಾಗುವ ವ್ಯಥೆಯನ್ನು ಹೇಳಿಕೊಂಡರು. ಗುರುಗಳು ಎತ್ತಿರೆಂದು ಕರೆಯುವುದು ಹೃದಯಗಳನ್ನು, ಫೋನುಗಳನ್ನಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಎತ್ತುವವರಲ್ಲಿ ಗುರುಗಳೂ ಧರ್ಮಾಧ್ಯಕ್ಷರೂ ಇದ್ದಾರೆಂದು ಸೇರಿಸಲು ಅವರು ಹಿಂಜರಿಯಲಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಮಿತಿಯನ್ನು ಹಾಕುವಾಗ ಮೊದಲು ನನಗೇ ಹಾಕಿಕೊಳ್ಳಬೇಕಾಯಿತು. ಪೀಠದ ಕೆಳಗೆ ಒಂದು ಬೆತ್ತದ ಬುಟ್ಟಿ ಇಟ್ಟೆವು. ಸಂಜೆ ಏಳೂವರೆಯಿಂದ ಊಟ ಮುಗಿಯುವವರೆಗೆ, ಅಂದರೆ ಸುಮಾರು ಒಂದೂವರೆ ಗಂಟೆ, ಮನೆಯ ನಾಲ್ಕೂ ಮೊಬೈಲುಗಳು ಅದರಲ್ಲಿರಬೇಕು. ಮೊದಲ ವಾರ ಮಗ ಮುಖ ಊದಿಸಿಕೊಂಡಿದ್ದ. ಮಗಳ ಕಷ್ಟ ನಿಜವಾದದ್ದು; ಮೇಲಧಿಕಾರಿಯ ಸಂದೇಶ ಯಾವ ಹೊತ್ತಿಗೆ ಬರುತ್ತದೆಯೋ ತಿಳಿಯದು. ಒಂದೂವರೆ ಗಂಟೆ ಸಿಗಲಾರೆನೆಂದು ಕಛೇರಿಗೆ ತಿಳಿಸಲು ಅವಳು ಮೂರು ದಿನ ಹೆದರಿದಳು, ನಾಲ್ಕನೆಯ ದಿನ ತಿಳಿಸಿದಳು. ಆಗಲಿ ಎಂಬ ಒಂದೇ ಪದದ ಉತ್ತರ ಬಂತು. ಎಲ್ಲರಿಗೂ ಇಷ್ಟು ಸುಲಭವಾಗಿ ಸಿಗಲಾರದು ಎಂಬುದನ್ನು ನಾನು ಬಲ್ಲೆ. ಇನ್ನು ನನ್ನ ಸಂಗತಿ. ಗ್ಯಾಸ್ ಒಲೆ ಆರಿಸಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಎರಡನೆಯ ರಹಸ್ಯದಲ್ಲಿ ಎದ್ದು, ಬರುವಾಗ ಬುಟ್ಟಿಯತ್ತ ಬಾಗಿದವನು ನಾನೇ. ಹಿಡಿದವನು ಮಗ. ಆ ದಿನದಿಂದ ಅವನ ಮುಖದ ಊತ ಇಳಿಯಿತು.

ಎರಡನೆಯ ವಾರದ ಕೊನೆಗೆ ನಾವು ಎಣಿಸದ ತೊಂದರೆಯೊಂದು ಎದುರಾಯಿತು. ಶುಕ್ರವಾರ ಸಂಜೆ ನೆರೆಮನೆಯವರು ತಮ್ಮ ಫೋನನ್ನು ಹಿಡಿದುಕೊಂಡು ಓಡಿ ಬಂದರು. ಕುವೈತಿನಿಂದ ನನ್ನ ತಮ್ಮ. ಅವನ ಧ್ವನಿ ನಡುಗುತ್ತಿತ್ತು. “ಅಮ್ಮನಿಗೆ ಏನಾಯಿತು? ಒಂದು ವಾರದಿಂದ ಯಾರೂ ಎತ್ತುತ್ತಿಲ್ಲ!” ನಮ್ಮಲ್ಲಿ ಏಳೂವರೆಯಾದಾಗ ಕುವೈತಿನಲ್ಲಿ ಸಂಜೆ ಐದು. ಕೆಲಸದ ಜಾಗದಿಂದ ಕಾರ್ಮಿಕರ ವಸತಿಗೆ ಹಿಂದಿರುಗುವ ಬಸ್ಸಿನಲ್ಲಿ ಅವನಿಗೆ ಸಿಗುವ ಮುಕ್ಕಾಲು ಗಂಟೆ ಅದು. ಮುಂದೆ ಅಡಿಗೆಯ ಸರದಿ, ಸ್ನಾನದ ಸರದಿ, ಒಂದೇ ಕೋಣೆಯಲ್ಲಿ ಎಂಟು ಜನ. ಮೊದಲು ಜಪಸರದ ನಡುವೆ ನಮ್ಮಲ್ಲಿ ಯಾರಾದರೊಬ್ಬರು ಎದ್ದುಹೋಗಿ ಅವನೊಡನೆ ಎರಡು ಮಾತಾಡಿ ಬರುತ್ತಿದ್ದೆವು. ಈಗ ಬುಟ್ಟಿ ಅವನ ಕರೆಯನ್ನೂ ನುಂಗಿತ್ತು. ರಾತ್ರಿ ನೋಡಿ ಸಂದೇಶ ಕಳಿಸಿದರಾಯಿತೆಂದು ಒಬ್ಬರನ್ನೊಬ್ಬರು ನಂಬಿ ಕುಳಿತು, ಯಾರೂ ಕಳಿಸಿರಲಿಲ್ಲ.

ಅಮ್ಮ ಆಗ ಮಾಡಿದ ತೀರ್ಮಾನ ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ. “ಅವನದೊಂದನ್ನು ಹೊರಗಿಡಿ,” ಎಂದರು. ಅಂದಿನಿಂದ ನಾಲ್ಕು ಮೊಬೈಲುಗಳಲ್ಲಿ ಮೂರು ಬುಟ್ಟಿಗೆ ಹೋಗುತ್ತವೆ. ನನ್ನದೊಂದನ್ನು, ಉಳಿದೆಲ್ಲ ಸಂದೇಶಗಳ ಸದ್ದಡಗಿಸಿ, ತಮ್ಮನ ಕರೆಗಾಗಿ ಪೀಠದ ಮೇಲೆ ಸಂತ ಅಂತೋಣಿಯವರ ಪ್ರತಿಮೆಗೆ ಒರಗಿಸಿ ಇಡುತ್ತೇವೆ. ಬಸ್ಸು ಹತ್ತಿದೊಡನೆ ಅವನು ಕರೆ ಮಾಡುತ್ತಾನೆ, ಪ್ರಾರ್ಥನೆಗೆ ಸೇರುತ್ತಾನೆ. ಬಿಟ್ಟಗಲಿದವರನ್ನು ಕೂಡಿಸುವ ಯಂತ್ರವೂ ಅದೇ, ಕೂಡಿದವರನ್ನು ಅಗಲಿಸುವ ಯಂತ್ರವೂ ಅದೇ. ಎರಡಕ್ಕೂ ಒಂದೇ ನಿಯಮ ಹಾಕಿದ್ದು ನನ್ನ ಅವಿವೇಕ.

ಪರದೆಯ ಮೇಲಿನ ಬಲಿಪೂಜೆ

ಇದೇ ವಿವೇಕ ಬಲಿಪೂಜೆಯ ವಿಷಯದಲ್ಲಿಯೂ ಬೇಕಾಗಿದೆ. 2020ರ ಮಾರ್ಚಿನಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ, ಆ ವರ್ಷದ ಪವಿತ್ರ ವಾರವನ್ನೂ ಏಪ್ರಿಲ್ 12ರ ಪಾಸ್ಕ ಹಬ್ಬವನ್ನೂ ನಾವು ಕೈಯಗಲದ ಪರದೆಯ ಮೇಲೆ ಆಚರಿಸಿದೆವು. ಅದು ಆ ಹೊತ್ತಿನ ವರವೇ ಆಗಿತ್ತು. ಆದರೆ ಅದೇ ಏಪ್ರಿಲಿನಲ್ಲಿಯೇ ಫ್ರಾನ್ಸಿಸರು, ಇದು ಕಷ್ಟಕಾಲದ ಸ್ಥಿತಿ, ಧರ್ಮಸಭೆ ಜನರೊಡನೆ ಸಂಸ್ಕಾರಗಳೊಡನೆ ಇರುವಂಥದ್ದು ಎಂದು ಎಚ್ಚರಿಸಿದ್ದರು. 2002ರಲ್ಲಿಯೇ ವ್ಯಾಟಿಕನ್ ಪ್ರಕಟಿಸಿದ ದಾಖಲೆಯೊಂದು ಇಂಟರ್‌ನೆಟ್ಟಿನಲ್ಲಿ ಸಂಸ್ಕಾರಗಳಿಲ್ಲವೆಂದು ಸ್ಪಷ್ಟಪಡಿಸಿತ್ತು. ಬಾಗಿಲು ತೆರೆದು ವರ್ಷಗಳಾದರೂ ಸಾರಿಗೆ ಒಗ್ಗರಣೆ ಹಾಕುತ್ತ ಯೂಟ್ಯೂಬಿನಲ್ಲಿ ಪೂಜೆ ‘ಮುಗಿಸುವ’ ಮನೆಗಳು ನಮ್ಮಲ್ಲಿ ಉಳಿದುಕೊಂಡಿವೆ. ನಡೆಯಲಾರದ ನನ್ನ ಅಮ್ಮ ಭಾನುವಾರ ತಲೆಗೆ ಸೆರಗು ಹೊದ್ದು, ಪರದೆಯ ಮುಂದೆ ಶುಭಸಂದೇಶ ವಾಚನಕ್ಕೆ ಎದ್ದು ನಿಲ್ಲಲು ಒದ್ದಾಡುವುದನ್ನು ಕಂಡಾಗ ಅದನ್ನು ಪೂಜೆಯಲ್ಲವೆನ್ನಲು ನನಗೆ ಬಾಯಿ ಬಾರದು. ಅವರ ಪಾಲಿಗೆ ಪರದೆ ದೇವಾಲಯದತ್ತ ತೆರೆದ ಕಿಟಕಿ. ತಿಂಗಳ ಮೊದಲ ಶುಕ್ರವಾರ ಗುರುಗಳು ಪರಮಪ್ರಸಾದ ತರುವವರೆಗೆ ಅವರು ದಿನ ಎಣಿಸುತ್ತಾರೆ. ನಡೆಯಬಲ್ಲ ನನಗೆ ಅದೇ ಪರದೆ ಬಾಗಿಲಿಗೆ ಹಾಕಿದ ಅಗುಳಿಯಾದೀತು.

ಮಕ್ಕಳ ವಿಷಯಕ್ಕೆ ಬಂದರೆ, ಊಟ ಮಾಡಿಸಲು ಎಳೆಯ ಮಗುವಿನ ಮುಂದೆ ಮೊಬೈಲು ಹಿಡಿಯುವ ಅಭ್ಯಾಸ ಈಗ ಹಳ್ಳಿಗಳಿಗೂ ಹಬ್ಬಿದೆ. ಎರಡು ವರ್ಷ ತುಂಬುವ ಮೊದಲು ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ದೊಡ್ಡ ಮಕ್ಕಳ ಫೋನನ್ನು ಕಳ್ಳತನದಿಂದ ಬಗೆದು ನೋಡುವ ತಂದೆತಾಯಿಯರಿಗೆ ಸಿಗುವುದು ಮಾಹಿತಿ, ಕಳೆದುಹೋಗುವುದು ವಿಶ್ವಾಸ. ಅದಕ್ಕಿಂತ ರಾತ್ರಿ ಮಲಗುವ ಕೋಣೆಗೆ ಯಾರೂ, ತಂದೆತಾಯಿಯರೂ ಸೇರಿದಂತೆ, ಮೊಬೈಲು ಒಯ್ಯದಿರುವುದು ಲೇಸು. ಅಶ್ಲೀಲ ಚಿತ್ರಗಳ ಹಾವಳಿಯಾಗಲಿ ರಾತ್ರಿಯಿಡೀ ಆಡುವ ಆಟಗಳಾಗಲಿ ಬಹುಪಾಲು ಮುಚ್ಚಿದ ಬಾಗಿಲಿನ ಹಿಂದಿನ ರೋಗಗಳೇ. ಬುಟ್ಟಿ, ನಿಯಮಗಳನ್ನು ಮೀರಿದ ಸ್ಥಿತಿ ಕೆಲವು ಮನೆಗಳಲ್ಲಿದೆ: ಮಗ ಊಟ ಬಿಟ್ಟಿದ್ದಾನೆ, ಕಾಲೇಜು ಬಿಟ್ಟಿದ್ದಾನೆ, ಫೋನ್ ಕಿತ್ತುಕೊಂಡರೆ ಕೈ ಎತ್ತುತ್ತಾನೆ. ಅಂಥವರಿಗೆ ಉಪದೇಶಕ್ಕಿಂತ ಚಿಕಿತ್ಸೆ ಬೇಕು. ಮಿತಿಮೀರಿದ ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದು ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾ ಸೇವೆಯನ್ನು ತೆರೆಯಿತು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಾಲು ಮುರಿದವನನ್ನು ಜಪಸರ ಹೇಳಿಸಿ ಮನೆಯಲ್ಲಿಯೇ ಕೂರಿಸಿಕೊಳ್ಳುತ್ತೇವೆಯೇ?

ಮಕ್ಕಳು ತಾವಾಗಿಯೇ ಮಿತಿ ಹಾಕಿಕೊಳ್ಳಬಲ್ಲರು ಎಂಬುದಕ್ಕೆ ಈಗ ಬಲಿಪೀಠದ ಗೌರವ ಪಡೆದ ಸಾಕ್ಷಿಯೇ ನಮ್ಮ ಮುಂದಿದೆ. 1991ರ ಮೇ 3ರಂದು ಲಂಡನ್ನಿನಲ್ಲಿ ಹುಟ್ಟಿ ಇಟಲಿಯ ಮಿಲಾನಿನಲ್ಲಿ ಬೆಳೆದ ಕಾರ್ಲೊ ಅಕುಟಿಸ್ ಕಂಪ್ಯೂಟರಿನಲ್ಲಿ ನಿಪುಣನಾಗಿದ್ದ ಹುಡುಗ. ಪರಮಪ್ರಸಾದದ ಪವಾಡಗಳನ್ನು ಕುರಿತು ಅಂತರ್ಜಾಲದಲ್ಲಿ ಪ್ರದರ್ಶನವನ್ನೇ ಸಿದ್ಧಪಡಿಸಿದವನು. ಅವನ ಬಳಿ ಪ್ಲೇಸ್ಟೇಷನ್ ಕೂಡ ಇತ್ತು. ಆದರೆ ಅದಕ್ಕೆ ವಾರಕ್ಕೆ ಒಂದೇ ಗಂಟೆ ಎಂದು ತಾನೇ ಗೊತ್ತುಮಾಡಿಕೊಂಡಿದ್ದನೆಂದು ಅವನ ತಾಯಿ ಹೇಳಿದ್ದಾರೆ. 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ ಹದಿನೈದು ವರ್ಷ. ಅಂದರೆ ತುದಿಯಿಲ್ಲದ ಪುಟ ರೂಪುಗೊಂಡ ವರ್ಷವೇ. ವಿಶ್ವಗುರು ಹದಿನಾಲ್ಕನೆಯ ಲಿಯೋರವರು 2025ರ ಸೆಪ್ಟೆಂಬರ್ 7ರಂದು ಅವನನ್ನು ಸಂತನೆಂದು ಘೋಷಿಸಿದರು. ಈ ವಿಚಾರವನ್ನು ಮಗನಿಗೆ ಹೇಳಿದೆ. “ಅವನಿಗೆ ಇನ್‌ಸ್ಟಾಗ್ರಾಂ ಇರಲಿಲ್ಲವಲ್ಲ ಅಪ್ಪ,” ಎಂದ. ಅದೂ ನಿಜವೇ. ಇಂದಿನ ಮಕ್ಕಳ ಹೋರಾಟ ಆ ಹುಡುಗನದಕ್ಕಿಂತ ಕಠಿಣವಾದುದು ಎಂದು ಒಪ್ಪಿಕೊಂಡರೆ ಸಂತನ ಗೌರವವೇನೂ ಕುಂದದು.

ನಮ್ಮ ಧರ್ಮಕೇಂದ್ರಗಳಿಗೂ ಒಂದು ಮಾತು ಸಲ್ಲುತ್ತದೆ. ರಾತ್ರಿ ಹನ್ನೊಂದಕ್ಕೆ ಪಾಲನಾ ಸಮಿತಿಯ ಸಂದೇಶ ಕಳಿಸಿ, ಬೆಳಿಗ್ಗೆ ಉತ್ತರವೇಕೆ ಬರಲಿಲ್ಲವೆಂದು ಕೇಳುವುದು ಯಾವ ನ್ಯಾಯ? ಮುಂದಿನ ತಪಸ್ಸು ಕಾಲದಲ್ಲಿ ಮಾಂಸ ವರ್ಜಿಸುವ ಶುಕ್ರವಾರಗಳಂದು ಸಂಜೆ ಆರರ ನಂತರ ನಮ್ಮ ಗುಂಪಿನಲ್ಲಿ ಯಾರೂ ಏನನ್ನೂ ಕಳಿಸಬಾರದೆಂದು ನಾನು ಸಲಹೆ ಇಟ್ಟಿದ್ದೇನೆ. ಸಾವಿನ ಸುದ್ದಿಗೆ ಮಾತ್ರ ವಿನಾಯಿತಿ. ಗುರುಗಳು ಒಪ್ಪಿದ್ದಾರೆ, ಶಾಮಿಯಾನದ ಉಸ್ತುವಾರಿಯವರು ಇನ್ನೂ ಯೋಚಿಸುತ್ತಿದ್ದಾರೆ.

ಮೊನ್ನೆ ಮಂಗಳವಾರ ಮತ್ತೆ ದುಃಖದ ರಹಸ್ಯಗಳು. ಕುವೈತಿನ ಧ್ವನಿ ನಮ್ಮದಕ್ಕಿಂತ ಒಂದೆರಡು ಕ್ಷಣ ತಡವಾಗಿ ಬರುತ್ತದೆ; ನಾವು ‘ಆಮೆನ್’ ಎಂದ ಮೇಲೆ ಅವನ ‘ಆಮೆನ್’ ಒಂಟಿಯಾಗಿ ಕೇಳಿಸುತ್ತದೆ. ಹಿನ್ನೆಲೆಯಲ್ಲಿ ಬಸ್ಸಿನ ಸದ್ದು, ಯಾವುದೋ ಭಾಷೆಯಲ್ಲಿ ಯಾರದೋ ನಗು. ಮೊದಮೊದಲು ಅದು ಕಿರಿಕಿರಿಯೆನಿಸಿತ್ತು, ಈಗ ಅಭ್ಯಾಸವಾಗಿದೆ. ನಾಲ್ಕನೆಯ ರಹಸ್ಯದಲ್ಲಿ ಅಮ್ಮ ನಿಲ್ಲಿಸಿ, “ಎಷ್ಟಾಯಿತು?” ಎಂದು ಕೇಳಿದರು. ಮಗನೂ ಮಗಳೂ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಸಂತ ಅಂತೋಣಿಯವರ ಪಕ್ಕದಿಂದ, ಬಸ್ಸಿನ ಸದ್ದಿನ ನಡುವೆ, ಸ್ವಲ್ಪ ತಡವಾಗಿ ಉತ್ತರ ಬಂತು: “ಏಳಾಯಿತಮ್ಮ.”